ಹಕಾರ, ಅಹಂಕಾರ

ಕನ್ನಡದ ವೇದಿಕೆ ಹಾಸ್ಯಗಳಲ್ಲಿ ಬಹಳ ಸವೆದದ್ದು 'ಹಾದರದ ಸ್ವಾಗತ'. ಊರಿನ ಮುಖಂಡರೊಬ್ಬರು ಮೈಕಿನ ಮುಂದೆ ನಿಂತು ಆದರದ ಸ್ವಾಗತ ಕೋರಲು ಹೊರಡುತ್ತಾರೆ. ಎಲ್ಲಿ 'ಹ' ಬಿಟ್ಟುಹೋಗುತ್ತದೋ ಎಂಬ ಅಳುಕಿನಲ್ಲಿ ಅದನ್ನು ಬೇಡದ ಕಡೆ ಸೇರಿಸಿಬಿಡುತ್ತಾರೆ. ಸಭೆ ಹೊಟ್ಟೆ ಹಿಡಿದು ನಗುತ್ತದೆ. ಹಾಸ್ಯ ಸಂಜೆಗಳಲ್ಲಿ, ಟೀವಿ ನಿರೂಪಕರ ಅಣಕದಲ್ಲಿ, ವಾಟ್ಸಾಪಿನಲ್ಲಿ ಇದಕ್ಕೆ ನೂರು ರೂಪ: ಅಕ್ಕಿ ಹಾರುತ್ತದೆ, ಹಕ್ಕಿ ಬೇಯುತ್ತದೆ. ನಗುವವರಿಗೆ ತಾವು ಯಾರನ್ನೋ ಕೀಳಾಗಿ ಕಾಣುತ್ತಿದ್ದೇವೆ ಅನ್ನಿಸುವುದಿಲ್ಲ. ಭಾಷೆಯ ಶುದ್ಧಿಯ ಬಗ್ಗೆ ತಮಗೆ ಕಾಳಜಿಯಿದೆ ಅನ್ನಿಸುತ್ತದೆ. ಎದುರಿನವರ ಜಾತಿ ಕೇಳುವುದು ಅಸಭ್ಯ, ಅವರಪ್ಪನ ಕಸುಬು ಕೇಳುವುದೂ ಅಸಭ್ಯ. 'ಉಚ್ಚಾರಣೆ ಸರಿಯಿಲ್ಲ' ಅನ್ನುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ. ಕೇಳಬಾರದ ಪ್ರಶ್ನೆಗಳಿಗೆಲ್ಲ ಅದೊಂದರಲ್ಲೇ ಉತ್ತರ ಸಿಕ್ಕಿರುತ್ತದೆ.

ಈ ನಗೆಗೆ ಎರಡು ಸಾವಿರ ವರ್ಷಗಳಿಗಿಂತ ಹೆಚ್ಚು ವಯಸ್ಸಾಗಿದೆ. ಕ್ರಿಸ್ತಪೂರ್ವ ಮೊದಲ ಶತಮಾನದ ರೋಮನ್ ಕವಿ ಕ್ಯಾಟಲಸ್ ಹೆಚ್ಚುಕಡಿಮೆ ಇದೇ ಹಾಸ್ಯವನ್ನು ಕವಿತೆ ಮಾಡಿದ್ದಾನೆ. ಅವನ ಗುರಿ ಏರಿಯಸ್ ಎಂಬ ಮಾತುಗಾರ. ಆ ಕಾಲದ ರೋಮಿನಲ್ಲಿ ಹಳ್ಳಿಗರೂ ಸಾಮಾನ್ಯರೂ ಮಾತಿನಲ್ಲಿ 'ಹ' ಬಿಡುತ್ತಿದ್ದರು. ಗ್ರೀಕ್ ಕಲಿತ ಮೇಲ್ವರ್ಗದವರು ಅದನ್ನು ಜೋಪಾನವಾಗಿ ಉಚ್ಚರಿಸುತ್ತಿದ್ದರು. ಮೇಲೇರುವ ಆಸೆಯ ಏರಿಯಸ್ ಸಂಚು ಎಂಬರ್ಥದ 'ಇನ್ಸಿದಿಯಾಸ್' ಅನ್ನು ಉಸಿರು ತುಂಬಿ 'ಹಿನ್ಸಿದಿಯಾಸ್' ಅನ್ನುತ್ತಾನೆ, ಅಂದು ಬೀಗುತ್ತಾನೆ. ಕವಿ ಅಷ್ಟಕ್ಕೇ ಬಿಡುವುದಿಲ್ಲ. ಇವನ ತಾಯಿ, ಸೋದರಮಾವ, ತಾಯಿಯ ಅಪ್ಪ, ಅಮ್ಮ ಎಲ್ಲರೂ ಹೀಗೇ ಮಾತಾಡುತ್ತಿದ್ದಿರಬೇಕು ಎಂದು ಚುಚ್ಚುತ್ತಾನೆ. ಸೋದರಮಾವನನ್ನು ಬೇಕೆಂದೇ 'ಸ್ವತಂತ್ರ' ಎಂದು ಕರೆಯುತ್ತಾನೆ, ಅಂದರೆ ಆ ಮನೆಗೆ ಗುಲಾಮಗಿರಿಯ ವಾಸನೆ ಇತ್ತೆಂಬ ಸೂಚನೆ. ಒಂದು ಅಕ್ಷರ ತಪ್ಪಿದ್ದಕ್ಕೆ ತಾಯಿಯ ಕಡೆಯ ವಂಶವೆಲ್ಲ ಬೀದಿಗೆ ಬಂತು. ಕವಿತೆ ಚುರುಕಾಗಿದೆ, ಸುಳ್ಳು ಹೇಳಬಾರದು. ಏರಿಯಸ್ ಸಿರಿಯಾಕ್ಕೆ ಹೋದಮೇಲೆ ಎಲ್ಲರ ಕಿವಿಗೂ ನೆಮ್ಮದಿಯಾಯಿತು, ಅಷ್ಟರಲ್ಲಿ ಅಯೋನಿಯನ್ ಸಮುದ್ರಕ್ಕೂ ಈಗ 'ಹ' ಹತ್ತಿಕೊಂಡಿದೆ ಎಂಬ ಸುದ್ದಿ ಬಂತು ಎಂದು ಮುಗಿಯುವಾಗ ನಗು ಬಂದೇ ಬರುತ್ತದೆ. ಹೀಗಳೆಯುವ ಹಾಸ್ಯ ಚೆನ್ನಾಗಿರುತ್ತದೆ ಎನ್ನುವುದೇ ಅದರ ತೊಂದರೆ.

ಆದರೆ ಗೆದ್ದದ್ದು ಯಾರು? ಕ್ರಿ.ಶ. 79ರಲ್ಲಿ ವೆಸುವಿಯಸ್ ಬೂದಿಯಲ್ಲಿ ಹೂತ ಪೊಂಪೆ ನಗರದ ಗೋಡೆಬರಹಗಳಲ್ಲಿ 'ಹ' ಬಿಟ್ಟ ಪದಗಳು ಸಿಗುತ್ತವೆ. ಬೀದಿಯ ಜನ ತಮ್ಮ ಪಾಡಿಗೆ ತಾವು ಮಾತಾಡಿಕೊಂಡಿದ್ದರು. ಮುನ್ನೂರಕ್ಕೂ ಹೆಚ್ಚು ವರ್ಷಗಳ ನಂತರ ಸಂತ ಅಗಸ್ಟೀನ್ ತನ್ನ ಆತ್ಮನಿವೇದನೆಯಲ್ಲಿ ಒಂದು ಕಟುವಾದ ಮಾತು ಬರೆದ. ಮನುಷ್ಯ ಎಂಬರ್ಥದ 'ಹೋಮೋ' ಪದದಲ್ಲಿ 'ಹ' ಬಿಟ್ಟವನ ಮೇಲೆ ಜನ ಹರಿಹಾಯುವಷ್ಟು, ಮನುಷ್ಯನನ್ನೇ ದ್ವೇಷಿಸುವವನ ಮೇಲೆ ಹಾಯುವುದಿಲ್ಲ ಎಂಬುದು ಅದರ ತಾತ್ಪರ್ಯ. ಹೇಳಿದವನು ಹೊರಗಿನವನಲ್ಲ, ಸ್ವತಃ ವಾಕ್ಚಾತುರ್ಯದ ಮೇಷ್ಟರಾಗಿದ್ದವನು. ಉತ್ತರ ಆಫ್ರಿಕದಲ್ಲಿ ಹುಟ್ಟಿದ ಅವನು ಮಿಲಾನಿನವರೆಗೆ ಹೋಗಿ ಪಾಠ ಹೇಳಿದ್ದ. ತನ್ನ ಉಚ್ಚಾರಣೆಯನ್ನು ಇಟಲಿಯವರು ಆಡಿಕೊಳ್ಳುತ್ತಿದ್ದುದನ್ನೂ ಇನ್ನೊಂದು ಕಡೆ ಬರೆದಿದ್ದಾನೆ. ಕೊನೆಗೆ ಲ್ಯಾಟಿನ್ ಒಡೆದು ಇಟಾಲಿಯನ್, ಫ್ರೆಂಚ್, ಸ್ಪ್ಯಾನಿಷ್ ಆಗುವ ಹೊತ್ತಿಗೆ ಆ 'ಹ' ನಾಲಗೆಯಿಂದ ಹೋಗಿಯೇಬಿಟ್ಟಿತ್ತು. ನಾವು ನಾಜೂಕಿನ ಶಿಖರ ಎಂದುಕೊಳ್ಳುವ ಫ್ರೆಂಚ್ ಭಾಷೆ ಈ ವಿಷಯದಲ್ಲಿ ರೋಮಿನ ಹಳ್ಳಿಗರ ವಾರಸುದಾರ.

ಇದೇ ಅಕ್ಷರ ಇಂಗ್ಲೆಂಡಿನಲ್ಲಿ ಇನ್ನೂ ದೊಡ್ಡ ರಂಪ ಮಾಡಿತು. ಫ್ರೆಂಚಿನಿಂದ ಬಂದ 'ಹಾಸ್ಪಿಟಲ್', 'ಹಂಬಲ್', 'ಹರ್ಬ್' ಮುಂತಾದ ಪದಗಳನ್ನು ಇಂಗ್ಲಿಷರು ಬಹುಕಾಲ 'ಹ' ಇಲ್ಲದೆಯೇ ಆಡುತ್ತಿದ್ದರು. ಅಮೆರಿಕನ್ನರು ಇವತ್ತಿಗೂ 'ಅರ್ಬ್' ಅನ್ನುತ್ತಾರೆ, 'ಆನೆಸ್ಟ್', 'ಅವರ್' ಪದಗಳಲ್ಲಿ ಎಲ್ಲರೂ ಬಿಡುತ್ತಾರೆ. ಹದಿನೆಂಟನೆಯ ಶತಮಾನದ ಉತ್ತರಾರ್ಧದವರೆಗೆ ಇದು ಮಾನ ಮರ್ಯಾದೆಯ ಪ್ರಶ್ನೆ ಆಗಿದ್ದಂತೆ ಕಾಣುವುದಿಲ್ಲ. 'ಹ' ಬಿಡುವುದನ್ನು ದೋಷವೆಂದು ಮೊದಮೊದಲು ಹೆಸರಿಸಿದವರಲ್ಲಿ ಥಾಮಸ್ ಶೆರಿಡನ್ ಒಬ್ಬ. 1762ರಲ್ಲಿ ಅಚ್ಚಾದ ಉಪನ್ಯಾಸಗಳಲ್ಲಿ ಇಂಗ್ಲಿಷರಿಗೆ ಇಂಗ್ಲಿಷ್ ಮಾತಾಡುವುದನ್ನು ಕಲಿಸಲು ಹೊರಟ ಈತ ಹುಟ್ಟಿದ್ದು ಐರ್ಲೆಂಡಿನಲ್ಲಿ!

ಮುಂದಿನ ಶತಮಾನದಲ್ಲಿ ಕಾರ್ಖಾನೆ, ರೈಲು, ವ್ಯಾಪಾರಗಳಿಂದ ಹೊಸ ಹಣ ಬಂತು. ಬಟ್ಟೆ ಕೊಳ್ಳಬಹುದು, ಸಾರೋಟು ಕೊಳ್ಳಬಹುದು. ಹಾಗಾದರೆ ಹಳೆಯ ಮನೆತನದವನನ್ನೂ ನಿನ್ನೆಯ ದಿನಸಿ ವ್ಯಾಪಾರಿಯನ್ನೂ ಬೇರೆ ಮಾಡಿ ತೋರಿಸುವುದು ಹೇಗೆ? 'ಹ' ಆಗ ಬಾಗಿಲು ಕಾಯುವ ಕೆಲಸಕ್ಕೆ ನಿಂತಿತು. 1854ರಲ್ಲಿ ಬಡಪಾಯಿ ಎಚ್ ಅಕ್ಷರದ ಗೋಳನ್ನು ಹೇಳಿಕೊಳ್ಳುವ ಪುಟ್ಟ ಪುಸ್ತಕವೊಂದು ಬಂದು ಮತ್ತೆ ಮತ್ತೆ ಅಚ್ಚಾಯಿತು. 'ಪಂಚ್' ಪತ್ರಿಕೆ ಹ್ಯಾರಿಯ ತಲೆ ಕತ್ತರಿಸಿ 'ಆರಿ' ಎಂಬ ಲಂಡನ್ ಪೋಲಿಯನ್ನು ಸೃಷ್ಟಿಸಿತು. ಬರ್ನಾರ್ಡ್ ಶಾ 'ಪಿಗ್ಮೇಲಿಯನ್' ಬರೆದು, ಅದು 1914ರಲ್ಲಿ ಲಂಡನ್ ರಂಗದ ಮೇಲೆ ಬರುವ ಹೊತ್ತಿಗೆ, ಹೂ ಮಾರುವ ಹುಡುಗಿಗೂ ರಾಜಕುಮಾರಿಗೂ ನಡುವೆ ಇರುವುದು ಕೆಲವು ಸ್ವರ ವ್ಯಂಜನ ಮಾತ್ರ ಎಂಬ ಕಥೆಯನ್ನು ಪ್ರೇಕ್ಷಕರು ಸಲೀಸಾಗಿ ನಂಬಿದರು.

ನನಗೆ ಇದರಲ್ಲಿ ಕುತೂಹಲ ಹುಟ್ಟಿಸುವುದು ಬೇರೆಯೇ ಸಂಗತಿ. ಅದೇ ಇಂಗ್ಲೆಂಡಿನಲ್ಲಿ ಜಮೀನ್ದಾರರು ಪದದ ಕೊನೆಯ ಧ್ವನಿಯನ್ನು ನುಂಗಿ 'ಹಂಟಿನ್, ಶೂಟಿನ್, ಫಿಶಿನ್' ಅನ್ನುತ್ತಿದ್ದರು. ಕೂಲಿಯವನೂ ಹಾಗೇ ಅನ್ನುತ್ತಿದ್ದ. 'ಇಂಗ್' ಎಂದು ಪೂರ್ತಿ ಉಚ್ಚರಿಸಲು ಹೆಣಗುತ್ತಿದ್ದವರು ನಡುವಿನವರು, ಬಿದ್ದರೆ ಎಲ್ಲಿಗೆ ಬೀಳುತ್ತೇವೆ ಎಂದು ಗೊತ್ತಿದ್ದ ಮೇಷ್ಟರು, ಗುಮಾಸ್ತರು. ಇನ್ನು 'ಕಾರ್' ಪದದ ಕೊನೆಯ 'ರ್' ಬಿಟ್ಟು 'ಕಾ' ಅನ್ನುವುದು ಬಿಬಿಸಿಯ ಶಿಷ್ಟ ಇಂಗ್ಲಿಷೇ ಆಯಿತು. ಬಿಟ್ಟ ಧ್ವನಿಗಳ ಲೆಕ್ಕ ಹಾಕಿದರೆ ಕೂಲಿಯವನಿಗಿಂತ ದೊರೆ ಏನೂ ಹಿಂದೆ ಬಿದ್ದಿಲ್ಲ. ಒಬ್ಬರು ಬಿಟ್ಟರೆ ಅದು ಶೈಲಿ, ಇನ್ನೊಬ್ಬರು ಬಿಟ್ಟರೆ ಸಂಸ್ಕಾರ ಇಲ್ಲ.

ಕನ್ನಡಕ್ಕೆ ಬಂದರೆ ಕಥೆ ಇನ್ನೂ ಸ್ವಾರಸ್ಯ. ನಾವು ಕಾವಲು ಕಾಯುತ್ತಿರುವ 'ಹ' ಬಹುಪಾಲು ದೇಸಿ ಪದಗಳಲ್ಲಿ ಮೊದಲಿಗೆ ಇರಲೇ ಇಲ್ಲ, ಅಲ್ಲಿದ್ದದ್ದು 'ಪ'. ಪಂಪನ ಕಾಲಕ್ಕೆ ಹಾಲು 'ಪಾಲ್', ಹುಲಿ 'ಪುಲಿ', ಹೂ 'ಪೂ', ಹೋಗು 'ಪೋಗು'. ತಮಿಳರ ಪಾಲ್, ತೆಲುಗರ ಪಾಲು ಇಂದಿಗೂ ಕೆಟ್ಟಿಲ್ಲ. ಕನ್ನಡದಲ್ಲಿ ಮಾತ್ರ ಹತ್ತನೆಯ ಶತಮಾನದ ಆಸುಪಾಸಿನಿಂದ ಆ 'ಪ' ಸಡಿಲವಾಗುತ್ತ ಬಂದು, ಕೆಲವು ನೂರು ವರ್ಷಗಳಲ್ಲಿ 'ಹ' ಆಯಿತು. ತುಟಿ ಮುಚ್ಚುವ ಶ್ರಮ ತಪ್ಪಿ ಬರೀ ಉಸಿರು ಉಳಿಯಿತು. ಮಂಡ್ಯ, ಮೈಸೂರು, ಚಾಮರಾಜನಗರ, ಕೋಲಾರದ ಹಳ್ಳಿಗಳ 'ಆಲು', 'ಓಗು' ಆ ದಾರಿಯಲ್ಲೇ ಇನ್ನೊಂದು ಹೆಜ್ಜೆ. ಪಾಲು, ಹಾಲು, ಆಲು ಎಂಬ ಮೂರು ಮೆಟ್ಟಿಲಲ್ಲಿ ನಡುವಿನದರ ಮೇಲೆ ನಿಂತವರು ಮೂರನೆಯದರ ಮೇಲಿರುವವರನ್ನು ಕಂಡು ನಗುತ್ತಾರೆ. 'ಹಳಗನ್ನಡ' ಎಂಬ ಹೆಸರೇ ಹಳಗನ್ನಡದಲ್ಲಿ 'ಪಳಗನ್ನಡ' ಆಗಿತ್ತು. ಆ ಲೆಕ್ಕದಲ್ಲಿ ಕನ್ನಡ ಪಂಡಿತರ ಮನೆಯ ನಾಮಫಲಕವೂ ಅಪಭ್ರಂಶವೇ.

ಇದು ಬರೀ ಹಳ್ಳಿ ಪಟ್ಟಣದ ವ್ಯತ್ಯಾಸ ಅಂದುಕೊಳ್ಳಬೇಡಿ. ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಬ್ರೈಟ್ 1950ರ ದಶಕದಲ್ಲಿ ಕನ್ನಡದ ಆಡುಮಾತನ್ನು ಅಭ್ಯಾಸ ಮಾಡಿ, ಬ್ರಾಹ್ಮಣರ ಕನ್ನಡವನ್ನೂ ಬ್ರಾಹ್ಮಣೇತರರ ಕನ್ನಡವನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಎರಡೂ ಬದಲಾಗಿವೆ, ಬೇರೆ ಬೇರೆ ರೀತಿಯಲ್ಲಿ ಬದಲಾಗಿವೆ ಎಂಬುದು ಅವರು ಕಂಡದ್ದು. ಸಂಸ್ಕೃತ, ಇಂಗ್ಲಿಷ್‌ಗಳಿಂದ ಹೊಸ ಧ್ವನಿ ತರಿಸಿಕೊಳ್ಳುವುದು ಒಂದು ಕಡೆ, ಒಳಗಿನ ಧ್ವನಿಗಳನ್ನೇ ಸವೆಸಿಕೊಳ್ಳುವುದು ಇನ್ನೊಂದು ಕಡೆ. ಮೊದಲನೆಯದು ನಮ್ಮ ಕಿವಿಗೆ ತಪ್ಪು ಅಂತ ಕೇಳಿಸುವುದೇ ಇಲ್ಲ. ಓದಿದವರಲ್ಲಿ ಎಷ್ಟೋ ಜನ 'ಫಲಿತಾಂಶ'ದ ಮೊದಲಕ್ಷರವನ್ನು ಇಂಗ್ಲಿಷಿನ 'ಫ್ಯಾನ್' ಎಂಬಂತೆ ಹಲ್ಲು ತುಟಿ ತಾಗಿಸಿ ಹೇಳುತ್ತಾರೆ. ಸಂಸ್ಕೃತದ ಲೆಕ್ಕದಲ್ಲಿ ಅದು ಶುದ್ಧ ತಪ್ಪು. ಅದರ ಮೇಲೆ ಒಂದು ಜೋಕಾದರೂ ಇದೆಯೇ? ಮೇಲಕ್ಕೆ ಜಾರಿದ ತಪ್ಪಿಗೆ ನಮ್ಮಲ್ಲಿ ಮಾಫಿ ಇದೆ. ಮಹಾಪ್ರಾಣಗಳ ಕಥೆಯೂ ಇಷ್ಟೇ. ಹೆಚ್ಚಿನ ಕನ್ನಡಿಗರ ಸಹಜ ಮಾತಿನಲ್ಲಿ ಅವು ಇಲ್ಲ, ಬರವಣಿಗೆಯಲ್ಲೂ ಬೇಕಿಲ್ಲ ಎಂದು ಡಿ.ಎನ್. ಶಂಕರ ಭಟ್ಟರು ವಾದಿಸಿದಾಗ ಬಂದ ವಿರೋಧದಲ್ಲಿ ವ್ಯಾಕರಣಕ್ಕಿಂತ ಕೋಪವೇ ಹೆಚ್ಚಿತ್ತು ಎಂದು ನನ್ನ ಅನಿಸಿಕೆ. ಬರವಣಿಗೆಯ ಬಗ್ಗೆ ಅವರ ಸಲಹೆಯನ್ನು ನಾನೂ ಪೂರ್ತಿ ಒಪ್ಪುವುದಿಲ್ಲ, ಅದು ಬೇರೆ ಮಾತು.

ನಗೆಯ ಬೆಲೆ ತೆರುವವರು ಮಕ್ಕಳು. ಹಳ್ಳಿಯಿಂದ ಪೇಟೆಯ ಕಾಲೇಜಿಗೆ ಬಂದ ಹುಡುಗ ಒಂದೆರಡು ಸಲ ನಗೆಗೀಡಾದರೆ ಸಾಕು, ಗೊತ್ತಿದ್ದ ಉತ್ತರಕ್ಕೂ ಕೈ ಎತ್ತುವುದನ್ನು ನಿಲ್ಲಿಸುತ್ತಾನೆ. ಆಮೇಲೆ ಮನೆಗೆ ಫೋನು ಮಾಡಿದಾಗ ಒಂದು ಕನ್ನಡ, ಸ್ನೇಹಿತರೆದುರು ಇನ್ನೊಂದು ಕನ್ನಡ. ಅವ್ವ ಹಾಸ್ಟೆಲಿಗೆ ಬಂದು ಜೋರಾಗಿ ಮಾತಾಡಿದರೆ ಅವನ ಮುಖ ಸಣ್ಣಗಾಗುತ್ತದೆ. ಕ್ಯಾಟಲಸ್ ಏರಿಯಸ್ಸನ ತಾಯಿಯನ್ನು ಎಳೆದು ತಂದದ್ದು ಸುಮ್ಮನೆ ಅಲ್ಲ.

ವಿಚಿತ್ರವೆಂದರೆ, ಹುಡುಗನ ಮಾತಿಗೆ ನಗುವ ಅದೇ ತರಗತಿಯಲ್ಲಿ ತತ್ಸಮ ತದ್ಭವದ ಪಾಠವೂ ನಡೆಯುತ್ತದೆ. 'ಶ' ಇದ್ದಲ್ಲಿ 'ಸ' ಅಂದರೆ ಗಮಾರ ಅನ್ನಿಸಿಕೊಳ್ಳುವ ಮಗು, ಹದಿಮೂರನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಅದೇ ಬದಲಾವಣೆಯನ್ನು ಕನ್ನಡದ ನಿಯಮವಾಗಿ ಬರೆದಿಟ್ಟಿದ್ದಾನೆ ಎಂದು ಓದುತ್ತದೆ. ಆಕಾಶ ಆಗಸ, ಶಶಿ ಸಸಿ, ಭಾಷೆ ಬಾಸೆ. ರಾಜ್ಯೋತ್ಸವದ ಸಿರಿಗನ್ನಡದ 'ಸಿರಿ' ಕೂಡ 'ಶ್ರೀ' ಬಿಟ್ಟುಕೊಟ್ಟದ್ದೇ. ಪಶುವಿನ 'ಶ' ಸವೆದು 'ಪಸು' ಆಯಿತು, ಆಮೇಲೆ 'ಪ' ಸವೆದು 'ಹಸು' ಆಯಿತು. ಪರೀಕ್ಷೆಯಲ್ಲಿ ಹಾಗೆ ಬರೆದರೆ ಒಂದು ಅಂಕ. ಇನ್ನೊಂದು ಹೆಜ್ಜೆ ಮುಂದೆ ಹೋಗಿ 'ಅಸು' ಅಂದವನಿಗೆ ಹಿಂದಿನ ಬೆಂಚಿನಿಂದ ನಗು.