ಹೊಗೆಗೊಂದು ದಾರಿ: ನಮ್ಮ ಮನೆಯ ಸೌದೆ ಒಲೆಯ ಚರಿತ್ರೆ

ಮಂಜೇಶ್ವರದಿಂದ ಕಾಸರಗೋಡಿನವರೆಗೆ ನಮ್ಮವರು ಹೊಸ ಮನೆ ಕಟ್ಟುವಾಗ ಅಡುಗೆಮನೆಯ ಗ್ರಾನೈಟ್ ಆರಿಸಲು ನಾಲ್ಕು ಅಂಗಡಿ ಹತ್ತಿ ಇಳಿಯುತ್ತಾರೆ. ಹಿಂಬದಿಯ ಸೌದೆ ಒಲೆಯ ಮಾತು ಬಂದರೆ ಮಾತ್ರ "ಅದನ್ನು ಮೇಸ್ತ್ರಿ ನೋಡಿಕೊಳ್ಳುತ್ತಾರೆ" ಎನ್ನುತ್ತಾರೆ. ಆದರೆ ಗ್ಯಾಸ್ ಬಂದ ಮೇಲೂ ಆ ಒಲೆ ನಮ್ಮ ಮನೆಗಳಿಂದ ಹೋಗಿಲ್ಲ. ಕುಚ್ಚಲಕ್ಕಿ ಬೇಯಲು ಹೊತ್ತು ಬೇಕು, ಹಂಡೆಯಲ್ಲಿ ಬಿಸಿನೀರು ಬೇಕು, ನೋಂಬಿನ ತಿಂಗಳಲ್ಲಿ ದೊಡ್ಡ ಪಾತ್ರೆ ಇಡಬೇಕು. ಹಿತ್ತಿಲಲ್ಲಿ ತೆಂಗಿನ ಮಡಲು, ಗೆರಟೆ, ಸಿಪ್ಪೆ ಬಿದ್ದಿರುವಾಗ ಸಿಲಿಂಡರ್ ಯಾಕೆ ಖಾಲಿ ಮಾಡಬೇಕು ಎಂದು ಕೇಳುವ ಉಮ್ಮಂದಿರ ಮಾತಿನಲ್ಲೂ ನ್ಯಾಯವಿದೆ.

ಹಾಗಾದರೆ ಈ ಒಲೆಯಿಂದ ತೊಂದರೆ ಶುರುವಾದದ್ದು ಯಾವಾಗ? ನನ್ನ ಪ್ರಕಾರ, ಒಲೆ ಹಾಗೆಯೇ ಉಳಿದು ಮನೆಯ ಮಾಡು ಬದಲಾದಾಗ.

ಮುಳಿಹುಲ್ಲಿನ ಮಾಡಿನಲ್ಲಿ ಹೊಗೆ ತಾನೇ ದಾರಿ ಹುಡುಕಿಕೊಳ್ಳುತ್ತಿತ್ತು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಮುಂದೆ ಕರಾವಳಿಯ ಮನೆಗಳಿಗೆಲ್ಲ ಆ ಹಂಚು ಬಂತು. ಹಂಚಿನ ಸಂದುಗಳಲ್ಲಿ ಹೊಗೆ ಹೊರಗೆ ಹೋಗುತ್ತಿತ್ತು. ಒಳಗೆ ಉಳಿದ ಹೊಗೆಗೂ ಕೆಲಸವಿತ್ತು. ಅಟ್ಟದ ಮೇಲಿನ ತೆಂಗಿನಕಾಯಿ ಒಣಗುತ್ತಿತ್ತು, ಪಕ್ಕಾಸಿಗೆ ಹುಳ ಹಿಡಿಯುತ್ತಿರಲಿಲ್ಲ. ಆಗಲೂ ಒಲೆಯ ಮುಂದೆ ಕುಳಿತವರ ಕಣ್ಣು ಉರಿಯುತ್ತಿತ್ತು. ಆದರೆ ಹೊಗೆ ಮನೆಯಲ್ಲೇ ಕಟ್ಟಿ ನಿಲ್ಲುತ್ತಿರಲಿಲ್ಲ.

1970ರ ದಶಕದ ನಂತರ ಗಲ್ಫ್ ದುಡಿಮೆಯಿಂದ ನಮ್ಮಲ್ಲಿ ತಾರಸಿ ಮನೆಗಳು ಎದ್ದವು. ಕಾಂಕ್ರೀಟಿಗೆ ಸಂದು ಇಲ್ಲ. ಕೆಳಗೆ ಉರಿಯುತ್ತಿದ್ದದ್ದು ಮಾತ್ರ ಅದೇ ಮೂರು ಕಲ್ಲಿನ ಜಾತಿಯ ಒಲೆ. ನನ್ನ ಉಮ್ಮನ ಕೆಮ್ಮು ಹೆಚ್ಚಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು ಮೊದಲು ಕೇಳಿದ್ದು, "ಮನೆಯಲ್ಲಿ ಬೀಡಿ ಸೇದುವವರಿದ್ದಾರಾ?" ಇಲ್ಲ ಎಂದೆ. ಎರಡನೆಯ ಪ್ರಶ್ನೆ ಒಲೆಯದ್ದು. ಅಂದಿನಿಂದ ನಾನು ಒಲೆಯ ಚರಿತ್ರೆಯನ್ನು ಹುಡುಕಿ ಓದತೊಡಗಿದೆ.

ಹೊಗೆಗೆ ದಾರಿ ಮಾಡಬೇಕೆಂದು ನಮ್ಮ ದೇಶದಲ್ಲಿ ಯೋಚಿಸಿದವರು ಹಿಂದೆಯೇ ಇದ್ದರು. ಹೈದರಾಬಾದಿನ ಎಂಜಿನಿಯರ್ ಎಸ್. ಪಿ. ರಾಜು ಕೊಳವೆ ಇರುವ ಮಣ್ಣಿನ ಒಲೆ ರೂಪಿಸಿ, ಹೊಗೆಯಿಲ್ಲದ ಅಡುಗೆಮನೆಯ ಬಗ್ಗೆ 1953ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಿಕೆ ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 'ಅಸ್ತ್ರ' ಎಂಬ ವಿಭಾಗ ಹುಟ್ಟಿತು. ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಯಾವ ಮನೆಯಲ್ಲಿ ಎಷ್ಟು ಸೌದೆ ಉರಿಯುತ್ತದೆ, ಅದನ್ನು ಯಾರು ಹೊತ್ತು ತರುತ್ತಾರೆ ಎಂದು ಲೆಕ್ಕ ಹಾಕಿದರು. ಆ ಕೆಲಸದಿಂದ 1980ರ ದಶಕದ ಆರಂಭದಲ್ಲಿ ಬಂದದ್ದೇ 'ಅಸ್ತ್ರ ಒಲೆ'. ಮುಚ್ಚಿದ ಬೆಂಕಿಗೂಡು, ಸೌದೆಯ ಅಡಿಯಲ್ಲಿ ಗಾಳಿ ಆಡಲು ಕಬ್ಬಿಣದ ಜಾಲರಿ, ಸಾಲಾಗಿ ಮೂರು ಪಾತ್ರೆಗೆ ಜಾಗ, ಕೊನೆಯಲ್ಲಿ ಹೊಗೆಕೊಳವೆ. ಹಳೆಯ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲೊಂದು ಪಾಲು ಪಾತ್ರೆಗೆ ಸಿಕ್ಕರೆ, ಇದು ಪ್ರಯೋಗಾಲಯದ ಪರೀಕ್ಷೆಯಲ್ಲಿ ಶೇಕಡಾ 40ರಷ್ಟು ಕೊಟ್ಟಿತು.

ಸೌದೆಯ ಲೆಕ್ಕದ ಹಿಂದೆಯೇ ಹೊಗೆಯ ಲೆಕ್ಕವೂ ಬಂತು. 1980ರ ದಶಕದ ಆರಂಭದಲ್ಲಿ ಕರ್ಕ್ ಸ್ಮಿತ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರು ಉಸಿರಾಡುವ ಹೊಗೆಯನ್ನೇ ಅಳೆದರು. ಇಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ 2020ರಲ್ಲಿ ಸುಮಾರು 32 ಲಕ್ಷ ಜನ ತೀರಿಕೊಂಡರು. ಶ್ವಾಸಕೋಶದ ಕಾಯಿಲೆ, ಹೃದಯದ ಕಾಯಿಲೆ, ಮಕ್ಕಳ ನ್ಯುಮೋನಿಯಾಗಳ ಹಿಂದೆ ಈ ಹೊಗೆ ಇದೆ.

ಕೇಂದ್ರ ಸರಕಾರದ ಸುಧಾರಿತ ಒಲೆ ಯೋಜನೆ 1983ರ ಹೊತ್ತಿಗೆ ಶುರುವಾಗಿ 2002ರಲ್ಲಿ ನಿಂತಿತು. ಅಷ್ಟರಲ್ಲಿ ಮೂರು ಕೋಟಿಗೂ ಹೆಚ್ಚು ಒಲೆ ಹಾಕಿಸಿದ ಲೆಕ್ಕವಿದೆ. ನಮ್ಮ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದ 1984ರ ಆಸುಪಾಸಿನ ಆ ದಿನಗಳಲ್ಲೇ, 1962ರಲ್ಲಿ ಹುಟ್ಟಿದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ತಮ್ಮದೇ ಕೊಳವೆ ಒಲೆಯನ್ನು ರಾಜ್ಯದಲ್ಲಿ ಹರಡಿದರು. ಅದೇ 'ಪರಿಷತ್ ಅಡುಪ್ಪು'.

ಹೀಗೆ ಹಾಕಿಸಿದ ಒಲೆಗಳ ಗತಿ ಏನಾಯಿತು? ಒಡಿಶಾದಲ್ಲಿ ಸುಧಾರಿತ ಒಲೆ ಪಡೆದ ಮನೆಗಳನ್ನು ಅರ್ಥಶಾಸ್ತ್ರಜ್ಞರಾದ ರೆಮಾ ಹನ್ನಾ, ಎಸ್ತರ್ ಡಫ್ಲೋ ಮತ್ತು ಮೈಕೆಲ್ ಗ್ರೀನ್‌ಸ್ಟೋನ್ ನಾಲ್ಕು ವರ್ಷದವರೆಗೆ ಗಮನಿಸಿದರು. ಮೊದಲ ವರ್ಷ ಹೆಂಗಸರ ಉಸಿರಿಗೆ ಹೋಗುವ ಹೊಗೆ ಕಡಿಮೆಯಾಯಿತು. ಆಮೇಲೆ ಆ ಲಾಭ ಕಾಣಲಿಲ್ಲ. ಒಲೆ ಒಡೆದಾಗ ರಿಪೇರಿ ಮಾಡಲಿಲ್ಲ, ಸರಿಯಾಗಿ ಬಳಸಲಿಲ್ಲ, ನೋಡಿಕೊಳ್ಳಲಿಲ್ಲ. ಒಲೆಯ ಚರಿತ್ರೆಯ ಪಾಠ ಇಷ್ಟೇ: ಹಾಕಿಸುವುದು ಒಂದು ದಿನದ ಕೆಲಸ, ಕೊಳವೆ ತೆರೆದಿರುವಂತೆ ನೋಡಿಕೊಳ್ಳುವುದು ಪ್ರತಿ ತಿಂಗಳ ಕೆಲಸ.

ಹೊಸದಾಗಿ ಹಾಕಿಸುವವರು ಮೇಸ್ತ್ರಿಗೆ ಕೆಲವು ಮಾತು ಮೊದಲೇ ಹೇಳಿಡಿ. ಬಿಸಿ ಹೊಗೆ ಹಗುರವಾದ್ದರಿಂದ ಮೇಲೇಳುತ್ತದೆ. ಕೊಳವೆ ನೆಟ್ಟಗೆ, ಎತ್ತರವಾಗಿ ಇದ್ದಷ್ಟು ಎಳೆತ ಚೆನ್ನಾಗಿರುತ್ತದೆ. ತಿರುವು ಹೆಚ್ಚಾದಂತೆ ಮಸಿ ಕಟ್ಟುತ್ತದೆ. ಕೊಳವೆಯ ತುದಿ ಮಾಡಿಗಿಂತ ಕನಿಷ್ಠ ಎರಡು ಅಡಿ ಮೇಲಿರಲಿ. ಮಳೆನೀರು ಇಳಿಯದಂತೆ ಮುಚ್ಚಳ ಬೇಕು, ಆದರೆ ಅದು ಹೊಗೆಗೆ ಅಡ್ಡ ಬರಬಾರದು. ತೆಂಗಿನ ಮಡಲು ತಾಗದ ಜಾಗ ನೋಡಿ. ಹಂಚಿನ ಮನೆಯಾದರೆ ಕಬ್ಬಿಣದ ಕೊಳವೆಗೂ ಪಕ್ಕಾಸಿಗೂ ನಡುವೆ ಒಂದೂವರೆ ಅಡಿ ಅಂತರ ಬಿಡಿಸಿ. ಬುಡದಲ್ಲಿ ಮಸಿ ತೆಗೆಯಲು ಚಿಕ್ಕ ಬಾಗಿಲು ಇಡಿಸಿ. ಅದಿಲ್ಲದ ಕೊಳವೆಯನ್ನು ಯಾರೂ ತೊಳೆಯುವುದಿಲ್ಲ. ಹಳೆಯ ಆಸ್ಬೆಸ್ಟಾಸ್ ಪೈಪ್ ಇದ್ದರೆ ಕತ್ತರಿಸಲು, ಉಜ್ಜಲು ಹೋಗಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದು. ಗ್ಯಾಸ್ ಸಿಲಿಂಡರ್ ಇರುವ ಕೋಣೆಯಲ್ಲಿ ಸೌದೆ ಒಲೆ ಬೇಡ. ವರ್ಕ್ ಏರಿಯಾದಲ್ಲಿ ಇಡುವುದಾದರೂ ಕಿಟಕಿ ಇರಲಿ.

ಬಳಸುವಾಗ ಅರ್ಧ ಕೆಲಸ ಸೌದೆಯದ್ದೇ. ಹಸಿ ಸೌದೆ ಉರಿಯುವುದಕ್ಕಿಂತ ಹೆಚ್ಚು ಹೊಗೆಯಾಡುತ್ತದೆ. ಆ ಹೊಗೆಯೇ ಕೊಳವೆಯೊಳಗೆ ಡಾಮರಿನಂತೆ ಅಂಟುತ್ತದೆ. ಒಂದು ದಿನ ಜೋರಾಗಿ ಉರಿ ಹಾಕಿದಾಗ ಆ ಅಂಟಿಗೇ ಬೆಂಕಿ ಹತ್ತಬಹುದು. ಆದ್ದರಿಂದ ಬೇಸಿಗೆಯಲ್ಲೇ ಸೀಳಿ, ಒಣಗಿಸಿ, ಮಳೆಗಾಲಕ್ಕೆ ಸೌದೆ ಕೊಟ್ಟಿಗೆ ತುಂಬಿಸುತ್ತಿದ್ದ ಹಿರಿಯರ ಕ್ರಮವೇ ಸರಿ. ಒಲೆಯ ಬಾಯಲ್ಲಿ ಸೌದೆ ತುರುಕಬೇಡಿ, ಗಾಳಿಗೆ ಜಾಗ ಬಿಡಿ. ಬೆಂಕಿ ಹಿಡಿಸಲು ಸೀಮೆಎಣ್ಣೆ ಸುರಿಯಬೇಡಿ. ಹಾಲಿನ ತೊಟ್ಟೆ, ಪ್ಲಾಸ್ಟಿಕ್ ಒಲೆಗೆ ಹಾಕಬೇಡಿ. ದುಪಟ್ಟಾ, ತಲೆವಸ್ತ್ರದ ತುದಿ ಹಿಂದೆ ಸಿಕ್ಕಿಸಿಕೊಳ್ಳಿ. ಪಾಲಿಯೆಸ್ಟರ್ ಬಟ್ಟೆ ಕರಗಿ ಮೈಗೆ ಅಂಟುತ್ತದೆ. ಸುಟ್ಟರೆ ಪೇಸ್ಟ್ ಹಚ್ಚದೆ ಇಪ್ಪತ್ತು ನಿಮಿಷ ತಣ್ಣೀರು ಬಿಡಿ. ಬೂದಿಯೊಳಗೆ ಕೆಂಡ ಮರುದಿನದವರೆಗೂ ಜೀವ ಹಿಡಿದಿರುತ್ತದೆ. ಅದನ್ನು ಲೋಹದ ಡಬ್ಬದಲ್ಲಿ ಮುಚ್ಚಿಡಿ, ಸಿಪ್ಪೆ ರಾಶಿಯ ಹತ್ತಿರ ಚೆಲ್ಲಬೇಡಿ.

ಇನ್ನೊಂದು ಮಾತು. ಬಾಣಂತಿ ಕೋಣೆಯಲ್ಲಿ ಕೆಂಡವಿಟ್ಟು ಬಾಗಿಲು ಕಿಟಕಿ ಮುಚ್ಚುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ತಿರುಗುವುದು, ವಾಂತಿ ಬಂದಂತಾಗುವುದು ಅದರ ಲಕ್ಷಣ. ನಿದ್ದೆಯಲ್ಲಿದ್ದವರಿಗೆ ಅದೂ ತಿಳಿಯುವುದಿಲ್ಲ. ಹಾಗೆ ಅನ್ನಿಸಿದ ಕೂಡಲೇ ಎಲ್ಲರನ್ನೂ ಹೊರಗೆ ಗಾಳಿಗೆ ಕರೆದುಕೊಂಡು ಬಂದು, ಆಸ್ಪತ್ರೆಗೆ ಹೋಗಿ.

2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಬಡ ಮನೆಗಳಿಗೂ ಗ್ಯಾಸ್ ಸಂಪರ್ಕ ಸಿಕ್ಕಿತು. ದಿನದ ಅಡುಗೆ ಅದರಲ್ಲಾದರೆ ಒಳ್ಳೆಯದೇ. ಹೊಗೆಯಿಲ್ಲದ ಬೆಂಕಿಗೆ ಸೌದೆ ಒಲೆ ಸಾಟಿಯಲ್ಲ. ಆದರೆ ಸೌದೆ ಒಲೆ ಉಳಿಯುವ ಮನೆಯಲ್ಲಿ ಅದನ್ನು ನೋಡಿಕೊಳ್ಳುವವರೂ ಬೇಕು. ಒಲೆ ಉರಿಸುವುದು ಹೆಂಗಸರ ಕೆಲಸ ಎಂದು ನಾವು ಗಂಡಸರು ತೀರ್ಮಾನಿಸಿ ಕಾಲವಾಯಿತು. ಮಾಡಿಗೆ ಏಣಿ ಇಟ್ಟು ಕೊಳವೆಯ ಮಸಿ ತೆಗೆಯುವ ಕೆಲಸವನ್ನಾದರೂ ನಾವು ವಹಿಸಿಕೊಳ್ಳೋಣ. ನಮ್ಮ ಮನೆಯಲ್ಲಿ ತಿಂಗಳ ಮೊದಲ ಭಾನುವಾರ ಅದು ನನ್ನ ಪಾಲಿನ ಕೆಲಸ. ಮಸಿ ತುಂಬಿದ ಬಕೆಟ್ ಕೆಳಗಿಳಿಸುವಾಗ ಪ್ರತಿ ಸಲ ಒಂದೇ ಯೋಚನೆ ಬರುತ್ತದೆ: ಕೊಳವೆ ಇಲ್ಲದ ಅಷ್ಟು ವರ್ಷ ಇದೆಲ್ಲ ಹೋದದ್ದು ಉಮ್ಮನ ಎದೆಗೆ.