ನಮ್ಮ ಕವಡೆ ಇಂಗ್ಲಿಷಿನ ‘ಕೌರಿ’ಯಾದ ಕಥೆ

ದಿನವಿಡೀ ಪರರ ಹಣವನ್ನು ಎಣಿಸುವುದು, ಸಂಜೆ ಲೆಕ್ಕ ತಾಳೆ ನೋಡಿ ಲೋಕಲ್ ರೈಲು ಹಿಡಿದು ಮನೆ ಸೇರುವುದು. ಬ್ಯಾಂಕ್ ಗುಮಾಸ್ತನಾದ ನನ್ನ ಕಸುಬು ಇಷ್ಟೇ. ಓದಿದ್ದು ಬಿ.ಕಾಂ. ಭಾಷಾಶಾಸ್ತ್ರವಾಗಲಿ ಚರಿತ್ರೆಯಾಗಲಿ ನನ್ನ ಕ್ಷೇತ್ರವಲ್ಲ. ಆದರೂ ಈ ವಿಷಯವನ್ನು ಎತ್ತಿಕೊಳ್ಳಲು ನಮ್ಮ ಮನೆಯಲ್ಲಿಯೇ ನಡೆದ ಒಂದು ಸಣ್ಣ ಪ್ರಸಂಗ ಕಾರಣವಾಯಿತು.

ಶಾಲೆಗೆ ಹೋಗುವ ನನ್ನ ಮಗಳು ಇಂಗ್ಲಿಷ್ ಪಾಠದಲ್ಲಿ ಬಂದ ‘ಕೌರಿ’ ಎಂಬ ಮಾತಿಗೆ ಅರ್ಥ ಹುಡುಕುತ್ತಿದ್ದಳು. ಅದು ಬೆಚ್ಚನೆಯ ಕಡಲುಗಳಲ್ಲಿರುವ ಒಂದು ಜೀವಿ, ಅದರ ಹೊಳಪಿನ ಚಿಪ್ಪಿಗೂ ಅದೇ ಹೆಸರು ಎಂದು ನಿಘಂಟಿನಲ್ಲಿತ್ತು. ಅವಳು ಅದನ್ನು ಬಾಯಿಪಾಠ ಮಾಡುತ್ತ ಕುಳಿತಳು. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ನಮ್ಮ ತಾಯಿ ಚೌಕಾಬಾರದ ಮನೆ ಬರೆದು, ಊರಿನಿಂದ ತಂದ ಕವಡೆಗಳನ್ನು ಅಂಗೈಯಲ್ಲಿ ಹಿಡಿದು ಮೊಮ್ಮಗಳಿಗಾಗಿ ಕಾಯುತ್ತಿದ್ದರು! ಎರಡೂ ಒಂದೇ ಎಂಬುದು ಮಗುವಿಗೆ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಕೂಡಲೆ ಹೊಳೆಯಲಿಲ್ಲ.

ಇದು ಪರದೇಶದ ಶಬ್ದವಲ್ಲ. ಸಂಸ್ಕೃತದಲ್ಲಿ ಕಪರ್ದ, ಚಿಪ್ಪಿನ ಸುರುಳಿಯಂತೆ ಜಟೆ ಕಟ್ಟಿದ ಶಿವನು ಕಪರ್ದಿ. ಅದು ಪ್ರಾಕೃತದಲ್ಲಿ ಕವಡ್ಡ, ಹಿಂದಿಯಲ್ಲಿ ಕೌಡಿ, ಮರಾಠಿಯಲ್ಲಿ ಕವಡಿ, ನಮ್ಮಲ್ಲಿ ಕವಡೆ. ಹದಿನೇಳನೆಯ ಶತಮಾನದಲ್ಲಿ ಹಿಂದಿಯ ಕೌಡಿಯನ್ನು ಇಂಗ್ಲಿಷರು ಕಿವಿಗೆ ಕೇಳಿದಂತೆ ‘ಕೌರಿ’ ಮಾಡಿಕೊಂಡರು. ಅದಕ್ಕೂ ಮೊದಲು ಇಟಲಿಯವರು ಈ ಚಿಪ್ಪನ್ನು ‘ಪೊರ್ಚೆಲ್ಲಾನ’ ಎನ್ನುತ್ತಿದ್ದರು. ಚೀನದ ನುಣುಪಾದ ಪಾತ್ರೆಗಳನ್ನು ಕಂಡಾಗ ಅವಕ್ಕೂ ಅದೇ ಹೆಸರಿಟ್ಟರು. ಪಿಂಗಾಣಿಗೆ ಇಂಗ್ಲಿಷಿನಲ್ಲಿ ಪೋರ್ಸಲೇನ್ ಎಂಬ ಹೆಸರು ಬಂದದ್ದು ಹೀಗೆ.

ಕವಡೆಯ ಒಳಗಿರುವುದು ಬಸವನಹುಳುವಿನ ಜಾತಿಯ ಮೆತ್ತನೆಯ ಪ್ರಾಣಿ. ಅದು ತನ್ನ ಮೈಯ ಪೊರೆಯನ್ನು ಚಿಪ್ಪಿನ ಮೇಲೆ ಹೊದೆದುಕೊಳ್ಳುವುದರಿಂದ ಹೊರಮೈಗೆ ಆ ಹೊಳಪು ಬರುತ್ತದೆ. 1758ರಲ್ಲಿ ಲಿನೇಯಸ್ ಎಂಬ ಸ್ವೀಡನ್ನಿನ ವಿಜ್ಞಾನಿ ಇದಕ್ಕೆ ‘ಮೊನೇಟ’, ಅಂದರೆ ಹಣ, ಎಂಬ ಹೆಸರು ಕೊಟ್ಟನು. ಹೆಸರು ಸಾರ್ಥಕವೇ. ಗಾತ್ರದಲ್ಲಿ ಹೆಚ್ಚುಕಡಿಮೆ ಒಂದೇ ಸಮ. ತುಕ್ಕು ಹಿಡಿಯದು, ಸುಲಭವಾಗಿ ಒಡೆಯದು. ಎಲ್ಲಕ್ಕಿಂತ ಮಿಗಿಲಾಗಿ, ಖೋಟಾ ಮಾಡಲು ಬಾರದು. ಖೋಟಾ ನೋಟಿಗಾಗಿ ಕಣ್ಣು ಕಿರಿದು ಮಾಡಿಕೊಂಡು ಕೂಡುವ ನನ್ನಂಥವನಿಗೆ ಈ ಕೊನೆಯ ಗುಣದ ಬೆಲೆ ಚೆನ್ನಾಗಿ ಗೊತ್ತು.

ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯರ ‘ಲೀಲಾವತಿ’ ಹಣದ ಕೋಷ್ಟಕವನ್ನು ಕವಡೆಯಿಂದಲೇ ಆರಂಭಿಸುತ್ತದೆ. 20 ವರಾಟಕ, ಅಂದರೆ ಕವಡೆಗೆ ಒಂದು ಕಾಕಿಣಿ. 4 ಕಾಕಿಣಿಗೆ ಒಂದು ಪಣ. 16 ಪಣಕ್ಕೆ ಒಂದು ದ್ರಮ್ಮ. ಬಂಗಾಳದ ಲೆಕ್ಕದಲ್ಲಿ 4 ಕವಡೆಗೆ ಒಂದು ಗಂಡಾ, 20 ಗಂಡಾಕ್ಕೆ ಒಂದು ಪಣ, 16 ಪಣಕ್ಕೆ ಒಂದು ಕಾಹಣ. ಎರಡರಲ್ಲಿಯೂ ಪಣಕ್ಕೆ ಎಂಬತ್ತೇ ಕವಡೆ ಎಂಬುದನ್ನು ವಾಚಕರು ಗಮನಿಸಬೇಕು. 4 ಕಾಹಣಕ್ಕೆ ಒಂದು ರೂಪಾಯಿ, ಎಂದರೆ ರೂಪಾಯಿಗೆ 5,120 ಕವಡೆ. 1778ರಲ್ಲಿ ಸಿಲ್ಹೆಟ್ಟಿಗೆ ಹೋದ ಕಂಪನಿಯ ಅಧಿಕಾರಿ ರಾಬರ್ಟ್ ಲಿಂಡ್ಸೆ ಇಡೀ ಜಿಲ್ಲೆಯ ಕಂದಾಯವನ್ನು ಈ ಲೆಕ್ಕದಲ್ಲಿಯೇ ವಸೂಲು ಮಾಡಬೇಕಾಯಿತು. ಖಜಾನೆಯೆಂದರೆ ಕವಡೆಯ ಉಗ್ರಾಣ! ಅದನ್ನು ದೋಣಿಗಳಲ್ಲಿ ತುಂಬಿ ಢಾಕಾಕ್ಕೆ ಸಾಗಿಸುತ್ತಿದ್ದರು.

ಇಷ್ಟು ಕವಡೆ ಬರುತ್ತಿದ್ದುದು ಮಾಲ್ದೀವ್ ದ್ವೀಪಗಳಿಂದ. 1343ರ ಸುಮಾರಿಗೆ ಅಲ್ಲಿಗೆ ಹೋಗಿ ಖಾಜಿಯಾಗಿದ್ದ ಇಬ್ನ್ ಬತೂತ ಅದರ ವಿವರ ಕೊಟ್ಟಿದ್ದಾನೆ. ಕಡಲಿನಿಂದ ಆಯ್ದ ಕವಡೆಗಳನ್ನು ಗುಂಡಿಗಳಲ್ಲಿ ಹೂಳುತ್ತಿದ್ದರು. ಮಾಂಸ ಕೊಳೆತುಹೋಗಿ ಬಿಳಿಯ ಚಿಪ್ಪು ಉಳಿಯುತ್ತಿತ್ತು. ಬಂಗಾಳದವರು ಅಕ್ಕಿ ಕೊಟ್ಟು ಅದನ್ನು ಒಯ್ಯುತ್ತಿದ್ದರು. ಅಲ್ಲಿ ಒಂದು ಚಿನ್ನದ ದೀನಾರಕ್ಕೆ 4 ಲಕ್ಷ ಕವಡೆ. ಒಮ್ಮೊಮ್ಮೆ 12 ಲಕ್ಷ. ಮುಂದೆ ಪಶ್ಚಿಮ ಆಫ್ರಿಕದ ಮಾಲಿಯಲ್ಲಿ ಅದೇ ಕವಡೆ ದೀನಾರಕ್ಕೆ ಕೇವಲ 1,150ರಂತೆ ಮಾರುವುದನ್ನು ಅವನು ಕಂಡನು.

ಬೆಲೆಯ ಈ ಅಂತರದಲ್ಲಿಯೇ ಮುಂದಿನ ಅನರ್ಥದ ಬೀಜವಿತ್ತು. ಯುರೋಪಿನ ಹಡಗುಗಳು ನಮ್ಮ ಕಡಲಿನಿಂದ ಮರಳುವಾಗ ಸಮತೂಕಕ್ಕೆಂದು ತಳದಲ್ಲಿ ಕವಡೆ ತುಂಬಿಕೊಳ್ಳುತ್ತಿದ್ದವು. ಅದು ಲಂಡನ್, ಆಮ್ಸ್ಟರ್‌ಡಾಮ್‌ಗಳಲ್ಲಿ ಹರಾಜಾಗಿ, ಗಿನಿ ಕರಾವಳಿಗೆ ಹೋಗಿ, ಅಲ್ಲಿ ಗುಲಾಮರನ್ನು ಕೊಳ್ಳುವ ಹಣವಾಗುತ್ತಿತ್ತು. ಒಲೌಡಾ ಎಕ್ವಿಯಾನೋ ಎಂಬಾತ 1789ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ, ಬಾಲಕನಾಗಿದ್ದಾಗ ತನ್ನನ್ನು 172 ಸಣ್ಣ ಬಿಳಿಯ ಚಿಪ್ಪುಗಳಿಗೆ ಮಾರಿದರೆಂದು ಬರೆದಿದ್ದಾನೆ. ಸಿಲ್ಹೆಟ್ಟಿನ ಲೆಕ್ಕದಲ್ಲಿ ಅದು ಅರ್ಧಾಣೆಗಿಂತ ತುಸು ಹೆಚ್ಚು! ಆಫ್ರಿಕದಲ್ಲಿ ಕವಡೆಗೆ ಬೆಲೆ ಹೆಚ್ಚಿತ್ತು, ನಿಜ. ಆದರೂ ಈ ಅಂಕಿಯನ್ನು ಓದಿದ ದಿನ ನನಗೆ ಬೇರೆ ಲೆಕ್ಕ ಬರೆಯಲು ಮನಸ್ಸಾಗಲಿಲ್ಲ.

ನಮ್ಮ ದೇಶದಲ್ಲಿ ಕವಡೆಯ ಅಂತ್ಯವೂ ಬಡವರನ್ನು ನೋಯಿಸಿಯೇ ಆಯಿತು. 1803ರಲ್ಲಿ ಒಡಿಶಾ ಕಂಪನಿಯ ಕೈಸೇರಿದ ಮೇಲೆ, ಕಂದಾಯವನ್ನು ಬೆಳ್ಳಿಯಲ್ಲಿಯೇ ಕಟ್ಟಬೇಕೆಂದು ಆಜ್ಞೆಯಾಯಿತು. ಕವಡೆಯ ಬೆಲೆ ಕುಸಿಯಿತು. ರೈತನು ಕೂಡಿಟ್ಟದ್ದೆಲ್ಲ ಚಿಪ್ಪಾಯಿತು. 1817ರ ಪಾಯಿಕರ ದಂಗೆಗೆ ಇದೂ ಒಂದು ಕಾರಣ. ಆಫ್ರಿಕದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ವರ್ತಕರು ಜಾಂಜಿಬಾರಿನ ಕಡೆಯಿಂದ ಬೇರೊಂದು ಜಾತಿಯ ಕವಡೆಯನ್ನು ರಾಶಿರಾಶಿಯಾಗಿ ತಂದು ಸುರಿದರು. ನೋಟು ಹೆಚ್ಚಾದರೆ ಬೆಲೆ ಇಳಿಯುವಂತೆ ಅಲ್ಲಿಯೂ ಆಯಿತು. ಆದರೂ ಹೆಸರು ಅಳಿಯಲಿಲ್ಲ. 1965ರಲ್ಲಿ ಘಾನಾ ದೇಶ ತನ್ನ ಹೊಸ ಹಣಕ್ಕೆ ಇಟ್ಟ ‘ಸೆಡಿ’ ಎಂಬ ಹೆಸರಿಗೆ ಅಲ್ಲಿಯ ಭಾಷೆಯಲ್ಲಿ ಕವಡೆಯೆಂದೇ ಅರ್ಥ.

ಇಷ್ಟೆಲ್ಲ ಆದ ಮೇಲೆ ನಮಗೆ ಉಳಿದದ್ದು ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎಂಬ ಬೈಗುಳ. ಇಲ್ಲಿನ ಮರಾಠಿ ಮಿತ್ರರೂ ಅಗ್ಗದ ವಸ್ತುವಿಗೆ ‘ಕವಡೀಮೋಲ್’ ಎನ್ನುತ್ತಾರೆ. ಆದರೆ ಜೋಗತಿಯರ ಕೊರಳಿನ ಸರದಲ್ಲಿ, ಎತ್ತುಗಳ ಅಲಂಕಾರದಲ್ಲಿ, ಮುದುಕಿಯರ ಪೆಟ್ಟಿಗೆಯಲ್ಲಿ ಕವಡೆ ಇನ್ನೂ ಮರ್ಯಾದೆಯಿಂದಿದೆ.

ಅಂದು ಪುಸ್ತಕ ಮುಚ್ಚಿಸಿ ಮಗಳ ಕೈಯಲ್ಲಿ ಒಂದು ಕವಡೆಯಿಟ್ಟು, “ನಿನ್ನ ಕೌರಿ ಇದೇ ನೋಡು, ಪುಟ್ಟೀ” ಎಂದೆ. ಅವಳು ಅದನ್ನು ತಿರುಗಿಸಿ ನೋಡಿ, “ಅಜ್ಜಿ ಹತ್ರ ಮೊದಲೇ ಇತ್ತಲ್ಲಪ್ಪ, ಹೇಳಬಾರದಿತ್ತೇ?” ಎಂದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಊರು ಬಿಟ್ಟು ಬಂದು ನೆಲೆಸಿರುವ ನಾವು ಮಕ್ಕಳಿಗೆ ಹೇಳದೆ ಬಿಟ್ಟ ಇಂಥ ಮಾತುಗಳು ಇನ್ನೆಷ್ಟೋ! ಈ ರಾಜ್ಯೋತ್ಸವದ ರಜೆಯಲ್ಲಿ ಪೆಟ್ಟಿಗೆ ತೆರೆದು ಕವಡೆ ಹೊರತೆಗೆಯಿರಿ, ಒಂದು ಆಟ ಆಡಿರಿ. ಬಿದ್ದ ಗರವನ್ನು ಮಕ್ಕಳು ಕನ್ನಡದಲ್ಲಿಯೇ ಎಣಿಸಲಿ.