ಮೊಡವೆ ಮದ್ದು: ಯಾವುದರ ಎದುರಿಗೆ ಯಾವುದನ್ನು ಇಟ್ಟು ನೋಡಿದರು?

ಚಾಕೊಲೇಟ್ ತಿಂದರೆ ಮೊಡವೆ ಏಳುತ್ತದೆಯೇ ಎಂಬ ಪ್ರಶ್ನೆಗೆ 1969ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆ 'ಜಾಮಾ'ದಲ್ಲಿ ಒಂದು ಉತ್ತರ ಅಚ್ಚಾಯಿತು. ಫಿಲಡೆಲ್ಫಿಯಾದ ಫುಲ್ಟನ್, ಪ್ಲೇವಿಗ್, ಕ್ಲಿಗ್‌ಮನ್ ಎಂಬ ಮೂವರು ಚರ್ಮವೈದ್ಯರು ಮೊಡವೆಯಿದ್ದ 65 ಮಂದಿಗೆ ನಾಲ್ಕು ವಾರ ದಿನವೂ ಚಾಕೊಲೇಟ್ ಬಾರ್ ತಿನ್ನಿಸಿದರು. ಇನ್ನೊಂದು ನಾಲ್ಕು ವಾರ, ನೋಡಲು ಹಾಗೆಯೇ ಇದ್ದರೂ ಚಾಕೊಲೇಟ್ ಇಲ್ಲದ ಬಾರ್ ತಿನ್ನಿಸಿದರು. ಹೆಚ್ಚಿನವರ ಮುಖದಲ್ಲಿ ವ್ಯತ್ಯಾಸ ಕಾಣಲಿಲ್ಲ. ಊಟಕ್ಕೂ ಮೊಡವೆಗೂ ಸಂಬಂಧವಿಲ್ಲ ಎಂಬ ಮಾತು ಅಲ್ಲಿಂದ ಪಠ್ಯಪುಸ್ತಕ ಸೇರಿತು. ಮುಂದೆ ಮೂರು ದಶಕ ಅದನ್ನು ಯಾರೂ ಅಲ್ಲಾಡಿಸಲಿಲ್ಲ.

ಹುಳುಕು ಇದ್ದದ್ದು ಆ ಎರಡನೆಯ ಬಾರಿನಲ್ಲಿ. ಅದರಲ್ಲಿ ಚಾಕೊಲೇಟ್ ಇರಲಿಲ್ಲ ನಿಜ, ಆದರೆ ಸಕ್ಕರೆಯೂ ಕೊಬ್ಬೂ ಹೆಚ್ಚುಕಡಿಮೆ ಮೊದಲನೆಯದರಷ್ಟೇ ಇದ್ದವು. ಎರಡೂ ಕಡೆ ಸಿಹಿಯೇ ಇದ್ದ ಮೇಲೆ ಸಿಹಿಯ ಬಗ್ಗೆ ಏನು ಹೇಳಲು ಬರುತ್ತದೆ? ಮೊಡವೆಯೊಂದು ಒಳಗೊಳಗೇ ಕಟ್ಟಿಕೊಂಡು ಮೇಲೆ ಕಾಣಿಸಿಕೊಳ್ಳಲು ವಾರಗಳೇ ಹಿಡಿಯುವುದರಿಂದ ನಾಲ್ಕು ವಾರದ ಅವಧಿಯೂ ಚಿಕ್ಕದೇ. ಅಧ್ಯಯನಕ್ಕೆ ನೆರವಾದದ್ದು ಚಾಕೊಲೇಟ್ ತಯಾರಕರ ಸಂಘ. 'ಎಣ್ಣೆ ತಿಂಡಿ, ಸಿಹಿ ಬಿಡು, ಉಷ್ಣ ಆಗಿದೆ' ಎನ್ನುತ್ತಿದ್ದ ನಮ್ಮ ಅಜ್ಜಿಯರನ್ನು ಈ ಲೇಖನದ ಬಲದಿಂದ ಬಾಯಿ ಮುಚ್ಚಿಸುವ ಹಾಗೆ ಇರಲಿಲ್ಲ. ಹಾಗೆಂದು ಅಜ್ಜಿಯರ ಮಾತೂ ಸಾಬೀತಾಗಿರಲಿಲ್ಲ.

ಪ್ರಶ್ನೆ ಮತ್ತೆ ತೆರೆದದ್ದು 2002ರಲ್ಲಿ. ಪಪುವಾ ನ್ಯೂಗಿನಿಯ ಕಿಟಾವಾ ದ್ವೀಪದವರಲ್ಲಿ, ಪರಾಗ್ವೆಯ ಆಚೆ ಬುಡಕಟ್ಟಿನವರಲ್ಲಿ ಮೊಡವೆಯೇ ಕಾಣುವುದಿಲ್ಲ ಎಂದು ಲೊರೆನ್ ಕಾರ್ಡೈನ್ ತಂಡ ವರದಿ ಮಾಡಿತು. ಕುತೂಹಲದ ಸಂಗತಿಯೇನೋ ಹೌದು, ಪುರಾವೆಯಲ್ಲ. ಆ ಜನರ ಊಟ ಮಾತ್ರವಲ್ಲ, ಇಡೀ ಬದುಕೇ ಬೇರೆ. ಮೆಲ್ಬರ್ನಿನ ಸಂಶೋಧಕರು 2007ರಲ್ಲಿ 43 ಹುಡುಗರನ್ನು ಎರಡು ಗುಂಪು ಮಾಡಿ, ಒಂದಕ್ಕೆ ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸದ ಆಹಾರ ಕೊಟ್ಟು 12 ವಾರ ನೋಡಿದರು. ಆ ಗುಂಪಿನಲ್ಲಿ ಸರಾಸರಿ ಸುಮಾರು 23 ಗುಳ್ಳೆ ಕಡಿಮೆಯಾದರೆ ಇನ್ನೊಂದರಲ್ಲಿ 12. ಆದರೆ ಆಹಾರ ಬದಲಿಸಿದವರ ತೂಕವೂ ಇಳಿದಿತ್ತು. ಗುಣ ಕೊಟ್ಟದ್ದು ಊಟವೋ ತೂಕವೋ ಎಂಬ ಗಂಟು ಹಾಗೆಯೇ ಉಳಿಯಿತು.

ಚಾಕೊಲೇಟ್ ತಿಂದ ಆ 65 ಮಂದಿಯಲ್ಲಿ ಹಲವರು ಜೈಲಿನ ಕೈದಿಗಳು. ಮೊಡವೆ ಸಂಶೋಧನೆಯ ಕತ್ತಲ ಅಧ್ಯಾಯ ಅಲ್ಲಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್‌ಮನ್ 1951ರಿಂದ 1974ರವರೆಗೆ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನಲ್ಲಿ ಕೈದಿಗಳ ಚರ್ಮದ ಮೇಲೆ ನಾನಾ ಪದಾರ್ಥಗಳನ್ನು ಹಚ್ಚಿ ನೋಡಿದರು. ಕೈದಿಗಳಲ್ಲಿ ಹೆಚ್ಚಿನವರು ಕಪ್ಪು ಜನಾಂಗದವರು. ಚಿಲ್ಲರೆ ಹಣಕ್ಕಾಗಿ ಒಪ್ಪಿದ ಅವರಲ್ಲಿ ಎಷ್ಟೋ ಮಂದಿಗೆ ಏನು ಹಚ್ಚುತ್ತಿದ್ದಾರೆ ಎಂಬುದೇ ತಿಳಿದಿರಲಿಲ್ಲ. ಅದೇ ಕ್ಲಿಗ್‌ಮನ್ 1969ರಲ್ಲಿ, ವಿಟಮಿನ್ ಎ ಆಮ್ಲವಾದ ಟ್ರೆಟಿನಾಯಿನ್ ರೋಮಕೂಪದ ಬಾಯಿ ಕಟ್ಟಿಕೊಳ್ಳದಂತೆ ತಡೆಯುತ್ತದೆ ಎಂದು ತೋರಿಸಿದರು. 1971ರಲ್ಲಿ ಅಮೆರಿಕದಲ್ಲಿ ಅದಕ್ಕೆ ಮಂಜೂರಾತಿ ಸಿಕ್ಕಿತು. ರಾತ್ರಿ ಮಲಗುವ ಮುಂಚೆ ಕಡಲೆಕಾಳಿನಷ್ಟು ಹಚ್ಚಿಕೊಳ್ಳಿ ಎಂದು ಇಂದಿಗೂ ಚರ್ಮವೈದ್ಯರು ಬರೆದುಕೊಡುವ ಮುಲಾಮುಗಳಲ್ಲಿ ಬಹುಪಾಲು ಈ ವಂಶದವು. ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ 2021ರಲ್ಲಿ, ಫಿಲಡೆಲ್ಫಿಯಾ ನಗರ 2022ರಲ್ಲಿ ಕ್ಷಮೆ ಕೇಳಿದವು. ಆ ಹೊತ್ತಿಗೆ ಕ್ಲಿಗ್‌ಮನ್ ತೀರಿಕೊಂಡು ದಶಕ ಕಳೆದಿತ್ತು.

ವಿಟಮಿನ್ ಎ ಕುಟುಂಬದ ಇನ್ನೊಂದು ಕುಡಿ ಐಸೊಟ್ರೆಟಿನಾಯಿನ್. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಗ್ಯಾರಿ ಪೆಕ್ 1979ರಲ್ಲಿ ಬರೆದ ಲೇಖನದಲ್ಲಿ ಇದ್ದವರು ಕೇವಲ 14 ರೋಗಿಗಳು. ಯಾವ ಔಷಧಿಗೂ ಬಗ್ಗದೆ, ಗಂಟುಗಂಟಾಗಿ ಕೀವು ತುಂಬಿದ ಮೊಡವೆ ಅವರದು. ನಾಲ್ಕು ತಿಂಗಳು ಮಾತ್ರೆ ನುಂಗಿದ ಮೇಲೆ 13 ಮಂದಿಯ ಮುಖ ಪೂರ್ತಿ ತಿಳಿಯಾಯಿತು, ಮಾತ್ರೆ ನಿಲ್ಲಿಸಿದರೂ ಮರಳಲಿಲ್ಲ. ಹೋಲಿಕೆಗೆ ಇನ್ನೊಂದು ಗುಂಪು ಇಲ್ಲದಿದ್ದರೂ ಯಾರೂ ತಕರಾರು ತೆಗೆಯಲಿಲ್ಲ. ಪರಿಣಾಮ ಅಷ್ಟು ದೊಡ್ಡದಾಗಿದ್ದಾಗ ತಕರಾರು ಬೇಕಾಗಿಯೂ ಇಲ್ಲ. ಗರ್ಭಿಣಿಯರಿಗೆ ಕೊಡಕೂಡದು ಎಂಬ ಎಚ್ಚರಿಕೆಯೊಂದಿಗೇ 1982ರಲ್ಲಿ ಅದು ಪೇಟೆಗೆ ಬಂತು. ಎಚ್ಚರಿಕೆಯ ಚೀಟಿ ಸಾಲಲಿಲ್ಲ. 1985ರಲ್ಲಿ ಎಡ್ವರ್ಡ್ ಲ್ಯಾಮರ್ ತಂಡ ಈ ಮಾತ್ರೆ ಸೋಕಿದ 154 ಗರ್ಭಗಳನ್ನು ವಿವರಿಸಿತು. ಅವುಗಳಲ್ಲಿ 21 ಶಿಶುಗಳು ಕಿವಿ, ಹೃದಯ, ಮಿದುಳಿನಂಥ ಅಂಗಗಳ ವೈಕಲ್ಯದೊಂದಿಗೆ ಹುಟ್ಟಿದ್ದವು.

ಆಂಟಿಬಯಾಟಿಕ್‌ಗಳ ಕಥೆ ಬೇಗ ಹೇಳಿ ಮುಗಿಸಬಹುದು. 1950ರ ದಶಕದಿಂದ ಟೆಟ್ರಾಸೈಕ್ಲಿನ್ ನುಂಗಿಸಿದರು, ಆಮೇಲೆ ಎರಿತ್ರೊಮೈಸಿನ್, ಕ್ಲಿಂಡಮೈಸಿನ್ ಹಚ್ಚಿಸಿದರು, 1970ರ ದಶಕದ ಕೊನೆಗೆ ಬ್ಯಾಕ್ಟೀರಿಯಾ ಬಗ್ಗದಾದವು. ಪ್ರತಿ ಹೊಸ ಮದ್ದನ್ನೂ ಕಂಪನಿಗಳು ಮದ್ದಿಲ್ಲದ ಖಾಲಿ ಮುಲಾಮಿನ ಎದುರಿಗೇ ನಿಲ್ಲಿಸುತ್ತಿದ್ದವು. ಹಾಗೆ ಮಾಡಿದರೆ ಮಂಜೂರಾತಿ ಸಿಗುತ್ತದೆ, ಆದರೆ ಎರಡು ಮದ್ದುಗಳಲ್ಲಿ ಯಾವುದು ಒಳ್ಳೆಯದು ಎಂದು ರೋಗಿ ಕೇಳಿದರೆ ಉತ್ತರವಿಲ್ಲ. ಬ್ರಿಟನ್ನಿನಲ್ಲಿ 649 ಮಂದಿಯ ಮೇಲೆ ನಡೆದು 2004ರಲ್ಲಿ 'ಲ್ಯಾನ್ಸೆಟ್'ನಲ್ಲಿ ಪ್ರಕಟವಾದ ಟ್ರಯಲ್ ಐದು ಚಿಕಿತ್ಸೆಗಳನ್ನು ಒಂದರ ಎದುರಿಗೊಂದು ಇಟ್ಟಿತು. ಅಗ್ಗದ ಬೆನ್ಜಾಯಿಲ್ ಪೆರಾಕ್ಸೈಡ್, ದುಬಾರಿ ಮಿನೊಸೈಕ್ಲಿನ್ ಮಾತ್ರೆಗೆ ಏನೂ ಕಡಿಮೆಯಾಗಲಿಲ್ಲ. ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಳ್ಳುವ ಭಯವೂ ಇಲ್ಲ. ನನ್ನ ಲೆಕ್ಕದಲ್ಲಿ ಈ ಕ್ಷೇತ್ರದ ಅತ್ಯಂತ ಉಪಯುಕ್ತ ಟ್ರಯಲ್ ಇದು. ಹೊಸ ಮದ್ದು ಯಾವುದೂ ಅದರಲ್ಲಿ ಇರಲಿಲ್ಲ.

ಹೋಲಿಸುವುದಾದರೂ ಯಾವ ಅಳತೆಯಿಂದ? ಆ ಹೊತ್ತಿನ ಪ್ರಬಂಧಗಳನ್ನು ಜಾಲಾಡಿದ ಒಂದು ಸಮೀಕ್ಷೆ, ಮೊಡವೆಯ ತೀವ್ರತೆ ಅಳೆಯಲು 25ಕ್ಕೂ ಹೆಚ್ಚು ವಿಧಾನಗಳಿರುವುದನ್ನು 2002ರಲ್ಲಿ ಎತ್ತಿ ತೋರಿಸಿತ್ತು. ಒಬ್ಬರು ಗುಳ್ಳೆ ಎಣಿಸಿದರೆ ಇನ್ನೊಬ್ಬರು ಫೋಟೊ ನೋಡಿ ಅಂಕ ಕೊಟ್ಟರು. ಎರಡು ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ಓದುವುದೇ ಕಷ್ಟವಾಗಿತ್ತು. ಮೊಡವೆಯ ದಾಯಾದಿಯಾದ ಹೈಡ್ರಾಡೆನೈಟಿಸ್, ಅಂದರೆ ಕಂಕುಳು, ತೊಡೆಸಂದಿಗಳಲ್ಲಿ ಮರುಕಳಿಸುವ ಕೀವುಗಂಟಿನ ರೋಗದಲ್ಲಿ, ಅಳತೆಗೋಲನ್ನು ಮೊದಲು ನಿಗದಿ ಮಾಡಿಕೊಂಡರು. ಅಡಾಲಿಮುಮ್ಯಾಬ್ ಚುಚ್ಚುಮದ್ದಿನ ಎರಡು ದೊಡ್ಡ ಟ್ರಯಲ್‌ಗಳು 2016ರಲ್ಲಿ ಪ್ರಕಟವಾದವು. ಒಂದರಲ್ಲಿ ಮದ್ದು ಪಡೆದವರ ಪೈಕಿ ಶೇ. 42, ಇನ್ನೊಂದರಲ್ಲಿ ಶೇ. 59 ಮಂದಿ ಚೇತರಿಸಿಕೊಂಡರು. ಖಾಲಿ ಚುಚ್ಚುಮದ್ದು ಪಡೆದವರಲ್ಲಿಯೂ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಜನ ಅದೇ ಅಳತೆಯಲ್ಲಿ ಸುಧಾರಿಸಿದ್ದರು. ಹೋಲಿಕೆಯ ಗುಂಪು ಇರದಿದ್ದರೆ ಅದರ ಶ್ರೇಯಸ್ಸೂ ಮದ್ದಿನ ಖಾತೆಗೇ ಬೀಳುತ್ತಿತ್ತು.

ಸ್ಪೈರೊನೊಲ್ಯಾಕ್ಟೋನ್ ರಕ್ತದೊತ್ತಡಕ್ಕೆ ಕೊಡುವ ಹಳೆಯ, ಅಗ್ಗದ ಮಾತ್ರೆ. ಹಾರ್ಮೋನಿನ ಪ್ರಭಾವ ತಗ್ಗಿಸುವುದರಿಂದ ಹೆಂಗಸರ ಮೊಡವೆಗೆ ವೈದ್ಯರು ದಶಕಗಳಿಂದ ಅದನ್ನು ಬರೆಯುತ್ತಲೇ ಇದ್ದರು. ಪೇಟೆಂಟ್ ಇಲ್ಲದ ಮಾತ್ರೆಗೆ ದೊಡ್ಡ ಟ್ರಯಲ್ ಮಾಡಿಸಲು ಯಾವ ಕಂಪನಿಗೆ ಆಸಕ್ತಿ? ಸೌತಾಂಪ್ಟನ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ, ಸರ್ಕಾರಿ ಹಣದಿಂದ, 410 ಹೆಂಗಸರ ಮೇಲೆ ನಡೆದ ಟ್ರಯಲ್ 2023ರಲ್ಲಿ ಪ್ರಕಟವಾಯಿತು. 12 ವಾರಕ್ಕೆ ವ್ಯತ್ಯಾಸ ಅಲ್ಪ, 24 ವಾರಕ್ಕೆ ಸ್ಪಷ್ಟ. ಮೊಡವೆಯ ಟ್ರಯಲ್‌ಗಳಲ್ಲಿ ಹೆಚ್ಚಿನವು ಮುಗಿಯುವುದು 12ನೇ ವಾರಕ್ಕೆ!

ಇನ್ನು ನಮ್ಮ ಕಡೆಯ ಸಂಗತಿ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವ ಸ್ಟೀರಾಯ್ಡ್ ಕ್ರೀಮಿನ ಹಾವಳಿ ಭಾರತದ ಚರ್ಮವೈದ್ಯರಿಗೆ ಹೊಸದಲ್ಲ. ದೇಶದ ಹಲವು ಕೇಂದ್ರಗಳಲ್ಲಿ ಮುಖದ ಚರ್ಮದ ತೊಂದರೆಯಿಂದ ಬಂದ 2,926 ರೋಗಿಗಳನ್ನು ವಿಚಾರಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 433 ಮಂದಿ ಅಂಥ ಕ್ರೀಮ್ ಹಚ್ಚುತ್ತಿದ್ದರು. ಬೆಳ್ಳಗಾಗಲೆಂದು ಹಚ್ಚಿದವರು ಕೆಲವರು, ಮೊಡವೆಗೆಂದೇ ಹಚ್ಚಿದವರು ಸುಮಾರು ಕಾಲುಭಾಗ. ಅವರಲ್ಲಿ ಕಂಡ ದುಷ್ಪರಿಣಾಮಗಳಲ್ಲಿ ಮೊದಲನೆಯದು ಮೊಡವೆಯೇ! ಅರ್ಧಕ್ಕಿಂತ ಹೆಚ್ಚು ಜನರಿಗೆ ಕ್ರೀಮ್ ಹೇಳಿಕೊಟ್ಟವರು ವೈದ್ಯರೇ ಅಲ್ಲ.

ಕರ್ನಾಟಕದ ಪಾಲು ಕಾಣುವುದು ಮೊಡವೆ ಹೋದ ಮೇಲೆ ಉಳಿಯುವ ಕುಳಿಗಳ ವಿಷಯದಲ್ಲಿ. ಐಸೊಟ್ರೆಟಿನಾಯಿನ್ ನಿಲ್ಲಿಸಿ ಆರು ತಿಂಗಳಾಗುವವರೆಗೆ ಕುಳಿಗೆ ಲೇಸರ್, ಸೂಜಿ ಚಿಕಿತ್ಸೆ ಮಾಡಬಾರದೆಂಬ ನಿಯಮ ಲೋಕವೆಲ್ಲ ನಡೆಯುತ್ತಿತ್ತು. ಅದರ ಬೇರು ಹುಡುಕಿದರೆ ಸಿಗುವುದು 1980ರ ದಶಕದ ಬೆರಳೆಣಿಕೆಯ ವರದಿಗಳು. 1986ರ ಒಂದರಲ್ಲಿ ಇದ್ದದ್ದು ಚರ್ಮ ಉಜ್ಜಿಸಿಕೊಂಡ ಮೇಲೆ ಕಲೆ ಉಬ್ಬಿದ ಆರು ರೋಗಿಗಳು. ಬೆಂಗಳೂರಿನ ಚರ್ಮವೈದ್ಯರ ತಂಡವೊಂದು 2014ರಲ್ಲಿ, ಮಾತ್ರೆ ನುಂಗುತ್ತಿರುವಾಗಲೇ ಚಿಕಿತ್ಸೆ ಪಡೆದ 110 ಮಂದಿಯ ಅನುಭವ ಪ್ರಕಟಿಸಿ, ಆ ಭಯಕ್ಕೆ ಬಲವಾದ ಆಧಾರ ಕಾಣುತ್ತಿಲ್ಲ ಎಂದಿತು. ಅದೂ ಯಾದೃಚ್ಛಿಕ ಹಂಚಿಕೆಯ ಟ್ರಯಲ್ ಅಲ್ಲ, ಪ್ರಕರಣಗಳ ಅಧ್ಯಯನ ಎಂಬುದನ್ನು ಹೇಳಲೇಬೇಕು. ಬೆಂಗಳೂರಿನವರೇ ಆದ ವೆಂಕಟರಾಮ್ ಮೈಸೂರು ಮುಂದಾಳಾಗಿದ್ದ ಕಾರ್ಯಪಡೆ 2017ರಲ್ಲಿ ಭಾರತಕ್ಕೆ ಮಾರ್ಗಸೂಚಿ ಬರೆದು ನಿಯಮ ಸಡಿಲಿಸಿತು, ಅದೇ ವರ್ಷ ಅಮೆರಿಕದ ತಜ್ಞರೂ ಅದೇ ದಿಕ್ಕಿಗೆ ಬಂದರು. ಯಂತ್ರದಿಂದ ಚರ್ಮ ಉಜ್ಜುವುದು, ಮೇಲ್ಪದರವನ್ನು ಪೂರ್ತಿ ಸುಟ್ಟು ತೆಗೆಯುವ ಲೇಸರ್, ಇವೆರಡನ್ನು ಅಮೆರಿಕದವರು ಇನ್ನೂ ತಡೆದೇ ಇಟ್ಟಿದ್ದಾರೆ. ಉಳಿದವುಗಳಿಗೆ ಕಾಯಬೇಕಾಗಿಲ್ಲ.